ಹೊಸ್ತಿಲ ಮೇಲೊಂದು ಸೇತುವೆ

ಮುದ್ದೇಬಿಹಾಳ
೩ ಆಗಸ್ಟ್ ೨೦೨೫, ರವಿವಾರ

ತೀರ್ಥರೂಪ ಅಣ್ಣನ ಪಾದಗಳಿಗೆ ರಂಜನಾಳ ನಮಸ್ಕಾರಗಳು.

ಇನ್ನು ಮೇಲೆ ರವಿವಾರಕ್ಕೊಂದು ಕಾಗದ ಬರೆಯುವೆನೆಂದು ನಿಶ್ಚಯಿಸಿದ್ದೇನೆ. ಕಳೆದ ವರ್ಷ ನೀನು ಬಿದ್ದು ನಡುವಿಗೆ ಪೆಟ್ಟಾದಂದಿನಿಂದ ಎಲ್ಲರೂ ದೂರವಾಣಿಯಲ್ಲಿ ಅದೊಂದನ್ನೇ ಕೇಳಿ ನಿನ್ನನ್ನು ದಣಿಸಿದ್ದಾರೆಂದೂ, ಈಗ ನೀನು ಆ ದೂರವಾಣಿಯನ್ನೇ ಕೈಯಿಂದ ಮುಟ್ಟುವುದಿಲ್ಲವೆಂದೂ ವೈನಿ ತಿಳಿಸಿದರು. ಆದ್ದರಿಂದ ನಾನು ನಿನ್ನ ಆರೋಗ್ಯವನ್ನು ವಿಚಾರಿಸುವುದಿಲ್ಲ. ನನ್ನ ಸುದ್ದಿಯನ್ನಷ್ಟೇ ಹೇಳುತ್ತೇನೆ. ಸುದ್ದಿ ಚಿಕ್ಕದಲ್ಲ.

ಹಿತ್ತಿಲಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲವಷ್ಟೆ. ಅದನ್ನು ಮರಗೆಲಸದ ಮನೆಯನ್ನಾಗಿ ಮಾಡಿದ್ದೇನೆ. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ಉದ್ಯೋಗದುದ್ದಕ್ಕೂ ನಕ್ಷೆ ಬರೆದೆ. ಬರೆದುದನ್ನು ಯಾವಾಗಲೂ ಬೇರೆ ಯಾರೋ ಕಟ್ಟಿದರು. ನಿವೃತ್ತಳಾದ ಮೇಲಾದರೂ ನಾನು ಬರೆದುದನ್ನು ನಾನೇ ಕಟ್ಟಬೇಕೆಂಬ ಹಟ ನನ್ನದು. ಕಟ್ಟಿಗೆ ಅಡ್ಡೆಯ ಕಾಳಪ್ಪ ಬಡಿಗೇರನಲ್ಲಿ ಹಲಗೆ ಕೇಳಲು ಹೋದಾಗ ಅವನು ನನ್ನ ನರೆತ ತಲೆಯನ್ನೊಮ್ಮೆ, ಕೈಯಲ್ಲಿದ್ದ ನಕ್ಷೆಯನ್ನೊಮ್ಮೆ ನೋಡಿ, “ಬಾಯಾರ, ಒಲಿಗೆ ಬೇಕಾಗಿದ್ರ ಸೀಳಿದ್ದು ಬ್ಯಾರೆ ಐತ್ರಿ” ಎಂದ. ಗರಗಸ, ಉಳಿ, ಹತ್ತರಿಗಳನ್ನೂ ಕೇಳಿದ ಮೇಲೆ ಅವನ ನಗೆ ನಿಂತಿತು.

ಈ ವಾರ ಗೆದ್ದುದು ಕೆಲಸದ ಮೇಜನ್ನು. ಎರಡು ಬಾರಿ ಕುಂಟಿತು, ಮೂರನೆಯ ಬಾರಿಗೆ ನೆಟ್ಟಗೆ ನಿಂತಿತು. ಅದರ ಮೇಲೆ ಕಂಠಮಟ್ಟ ನೀರು ತುಂಬಿದ ತಂಬಿಗೆಯನ್ನಿಟ್ಟು, ಪಕ್ಕದಲ್ಲೇ ಜಾಲಿಯ ಕೊರಡೊಂದನ್ನು ಕೊಯ್ದೆ. ಒಂದು ಹನಿಯೂ ಚೆಲ್ಲಲಿಲ್ಲ. ನೆರೆಮನೆಯ ಸುಲ್ತಾನಬಿ ಗೋಡೆಯಾಚೆಯಿಂದ ನೋಡುತ್ತಿದ್ದಳು. ನೋಡಿ ಒಳಗೆ ಹೋದವಳು, ಕಾಲು ಮುರಿದ ತನ್ನ ರೊಟ್ಟಿಮಣೆಯನ್ನು ತಂದು ಗೋಡೆಯ ಮೇಲಿಟ್ಟಳು. ನನ್ನ ಮೊದಲ ಗಿರಾಕಿ ಅವಳು.

ನಿನ್ನ ತಂಗಿ,
ರಂಜನಾ


ಇಂಡಿ
೯ ಆಗಸ್ಟ್ ೨೦೨೫

ಚಿ. ರಂಜನಾಳಿಗೆ ಪ್ರಹ್ಲಾದನ ಆಶೀರ್ವಾದಗಳು.

ಕಾಗದ ತಲುಪಿತು. ಆರೋಗ್ಯ ವಿಚಾರಿಸದೆ ಬಂದ ಈ ವರ್ಷದ ಮೊದಲ ಕಾಗದವಾದುದರಿಂದ ಎರಡು ಬಾರಿ ಓದಿದೆ.

ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿದ್ದವನಿಗೆ ಒಂದೇ ಪಕ್ಷದ ಹೇಳಿಕೆಯನ್ನು ನಂಬುವ ರೂಢಿಯಿಲ್ಲ. ನೀರು ಕಂಠಮಟ್ಟ ಇದ್ದಿತೆಂಬುದಕ್ಕೆ ಸಾಕ್ಷಿ ಯಾರು? ಸುಲ್ತಾನಬಿ ಗೋಡೆಯಾಚೆ ಇದ್ದವಳು. ತಂಬಿಗೆಯ ಒಳಗು ಅವಳಿಗೆ ಕಾಣುವಂತಿಲ್ಲ. ಮೇಲಾಗಿ ರೊಟ್ಟಿಮಣೆಯ ಕಾರಣದಿಂದ ಅವಳು ನಿನ್ನ ಪಕ್ಷದವಳು. ಆದರೂ ಅರ್ಜಿದಾರಳ ವಯಸ್ಸನ್ನು ಗಮನಿಸಿ ತೀರ್ಪನ್ನು ನಿನ್ನ ಕಡೆಗೇ ಕೊಟ್ಟಿದ್ದೇನೆ.

ಇಲ್ಲಿ ವಿಶೇಷವೇನಿಲ್ಲ. ಓದುತ್ತೇನೆ, ಕಿಟಕಿಯ ಬಳಿ ಕೂಡುತ್ತೇನೆ. ಪಾರ್ಥ ಸಂಜೆ ಬ್ಯಾಂಕಿನಿಂದ ಬಂದು ಪೇಟೆಯ ಸುದ್ದಿ ಹೇಳುತ್ತಾನೆ. ಮಗ ತರುವ ಸುದ್ದಿಯಿಂದಲೇ ಊರನ್ನು ತಿಳಿಯುತ್ತಿದ್ದೇನೆ. ನಿನ್ನ ವೈನಿ ಸರಸ್ವತಿ ಚೆನ್ನಾಗಿದ್ದಾಳೆ. ಬೆರಳುಗಳನ್ನು ಜೋಪಾನ ಮಾಡಿಕೊ. ಮುಂದೆ ಏನನ್ನು ಕೊಯ್ಯಲಿರುವೆಯೆಂದು ತಿಳಿಸು.

ನಿನ್ನ ಅಣ್ಣ,
ಪ್ರಹ್ಲಾದ


ಮುದ್ದೇಬಿಹಾಳ
೨೪ ಆಗಸ್ಟ್ ೨೦೨೫, ರವಿವಾರ

ತೀರ್ಥರೂಪ ಅಣ್ಣನಿಗೆ ರಂಜನಾಳ ನಮಸ್ಕಾರಗಳು.

ಕಳೆದ ಎರಡು ರವಿವಾರ ಬರೆಯಲಾಗಲಿಲ್ಲ. ಮೂರು ವಾರಗಳ ವರದಿಯನ್ನು ಒಟ್ಟಿಗೇ ಸಲ್ಲಿಸುತ್ತಿದ್ದೇನೆ.

ಕೊಟ್ಟಿಗೆಯ ಮೂಡುಗೋಡೆಗೆ ಕಿಟಕಿ ಇರಿಸಿದೆ. ಈಗ ಬೆಳಗಿನ ಬಿಸಿಲು ನೇರ ಮೇಜಿನ ಮೇಲೆಯೇ ಬೀಳುತ್ತದೆ. ಗೆರೆ ಎಳೆಯಲು ಕನ್ನಡಕವನ್ನು ಒರೆಸುತ್ತ ಕೂಡಬೇಕಿಲ್ಲ. ಉಳಿಗಳಿಗೆ ಗೋಡೆಯ ಮೇಲೆ ಸಾಲುಗೂಡು ಮಾಡಿದೆ. ಹೊರಗಿನ ಕೆಲಸ ಮುಗಿಯಿತೆಂದು ಮನೆಯೊಳಗೆ ಕೈಯಿಟ್ಟೆ.

ಮೊದಲು ಬಚ್ಚಲ ಬಾಗಿಲು. ಅದು ಎಷ್ಟು ಇಕ್ಕಟ್ಟೆಂದು ನಿನಗೆ ಗೊತ್ತೇ ಇದೆ. ಗೌಂಡಿ ಅಮೋಘಸಿದ್ಧ ಗೋಡೆಯನ್ನು ಒಡೆದು ಅಗಲಿಸಿಕೊಟ್ಟ. ಚೌಕಟ್ಟನ್ನೂ ಕದವನ್ನೂ ನಾನು ಮಾಡಿದೆ. ಮೂಲೆಗಳ ಸಂದಿನಲ್ಲಿ ಉಗುರು ಸಹ ಹೋಗುವುದಿಲ್ಲ. ಒಳಗೆ ಗೋಡೆಯುದ್ದಕ್ಕೂ ಸಾಗವಾನಿಯ ಹಿಡಿಗೋಲು ಕೂಡಿಸಿದ್ದೇನೆ. ಅಮೋಘಸಿದ್ಧ ಅದಕ್ಕೆ ಜೋತುಬಿದ್ದು ತೂಗಿ ನೋಡಿದ, ಅಲುಗಲಿಲ್ಲ. ಆಮೇಲೆ ಊಟಕ್ಕೊಂದು ಮೇಜು. ನೆಲದ ಮೇಲೆ ಎಲೆ ಹಾಕುವ ನಮ್ಮ ಮನೆಯಲ್ಲಿ ಇದು ಹೊಸತೆಂದು ಹುಬ್ಬೇರಿಸಬೇಡ. ಕೆಳಗೆ ಅಡ್ಡಪಟ್ಟಿಯಿಲ್ಲದೆ, ಕಾಲುಗಳನ್ನು ದೂರ ದೂರ ಇಟ್ಟು ನಿಲ್ಲಿಸುವುದೇ ಇದರಲ್ಲಿನ ಕಷ್ಟ. ಅದೂ ನಿಂತಿತು. ಕಾಳಪ್ಪ ತಾನಾಗಿಯೇ ನೋಡಲು ಬಂದಿದ್ದ. ಮೇಜಿನ ಕೆಳಗೆ ಬಗ್ಗಿ, ಜೋಡಣೆಗಳನ್ನೆಲ್ಲ ಸವರಿ ನೋಡಿ, ಚಹಾ ಕುಡಿದು ಹೋದ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಬರುವುದಿಲ್ಲವೆಂದು ಸುಲ್ತಾನಬಿ ಹೇಳಿದಳು.

ರಂಜನಾ


ಇಂಡಿ
೩೦ ಆಗಸ್ಟ್ ೨೦೨೫

ಚಿ. ರಂಜನಾಳಿಗೆ ಆಶೀರ್ವಾದಗಳು.

ಕಾಗದ ಓದಿ ನಾನೂ ಸರಸ್ವತಿಯೂ ಬಹಳ ಹೊತ್ತು ಮಾತನಾಡಿದೆವು. ಮಾತನಾಡಿದವನು ನಾನು, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಬಚ್ಚಲಲ್ಲಿ ಹಿಡಿಗೋಲು, ನೆಲದ ಮೇಲೆ ಕೂಡದೆ ಉಣ್ಣಲು ಮೇಜು. ಇದರ ಅರ್ಥ ತಿಳಿಯದಷ್ಟು ಮುದುಕನಾಗಿಲ್ಲ ನಾನು. ನಿನ್ನ ಮೊಳಕಾಲು ಸೋತಿವೆ. ಅಣ್ಣನೇ ಕುಳಿತಲ್ಲಿ ಕುಳಿತಿರುವಾಗ ತನ್ನ ನೋವನ್ನೇಕೆ ಹೇಳಲೆಂದು ಮುಚ್ಚಿಟ್ಟಿದ್ದೀ. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊ. ಗರಗಸವನ್ನು ನಿಂತು ಎಳೆಯಬೇಡ. ವಿಜಯಪುರದಲ್ಲಿ ಒಳ್ಳೆಯ ವೈದ್ಯರನ್ನು ವಿಚಾರಿಸಿಡುವಂತೆ ಪಾರ್ಥನಿಗೆ ಹೇಳಿದ್ದೇನೆ. ಒಂದು ಮನೆಯಲ್ಲಿ ಹುಟ್ಟಿದವರಿಬ್ಬರಿಗೂ ಕಾಲೇ ಕೈಕೊಡಬೇಕೆಂದು ಬರೆದಿದ್ದರೆ ಯಾರೇನು ಮಾಡಲಾದೀತು.

ಪ್ರಹ್ಲಾದ


ಮುದ್ದೇಬಿಹಾಳ
೧೪ ಸೆಪ್ಟೆಂಬರ್ ೨೦೨೫, ರವಿವಾರ

ತೀರ್ಥರೂಪ ಅಣ್ಣನಿಗೆ ನಮಸ್ಕಾರಗಳು.

ನನ್ನ ಮೊಳಕಾಲು ಗಟ್ಟಿಯಾಗಿವೆ. ಮೊನ್ನೆ ಜಾಲಿಯ ತೊಲೆಯ ಒಂದು ತುದಿಯನ್ನು ನಾನು, ಇನ್ನೊಂದನ್ನು ಸುಲ್ತಾನಬಿ ಹಿಡಿದು ಕೊಟ್ಟಿಗೆಯಿಂದ ಮುಂಬಾಗಿಲಿನವರೆಗೆ ಹೊತ್ತು ತಂದೆವು. ದಾರಿಯಲ್ಲಿ ಇಳಿಸಿದವಳು ಅವಳು. ಎಣ್ಣೆಯನ್ನು ಗರಗಸಕ್ಕೆ ಹಚ್ಚಿದ್ದೇನೆ.

ಮನೆಯ ಮುಂಬದಿಯಲ್ಲಿ ದೊಡ್ಡ ಕೆಲಸವೊಂದನ್ನು ಹಿಡಿದಿದ್ದೇನೆ. ಅದೇನೆಂದು ಮುಗಿಯುವವರೆಗೂ ಹೇಳಲಾರೆ, ನೀನು ಕೇಳಲೂ ಕೂಡದು. ನಾನು ಇದುವರೆಗೆ ಮಾಡಿದುದೆಲ್ಲ ಇದಕ್ಕೆ ಕೈ ಪಳಗಿಸಿಕೊಂಡ ಹಾಗೆ ಅಷ್ಟೆ. ತಪ್ಪಿದೆ, ತಿದ್ದಿದೆ, ಮತ್ತೆ ತಪ್ಪಿದೆ. ಆದರೆ ಗೆಲ್ಲುತ್ತೇನೆ.

ರಂಜನಾ


ಇಂಡಿ
೨೦ ಸೆಪ್ಟೆಂಬರ್ ೨೦೨೫

ಸೌಭಾಗ್ಯವತಿಯಾಗಿದ್ದಾಗ ಕಟ್ಟಿದ ಮನೆಯಲ್ಲೇ ಕೊನೆಯವರೆಗೂ ಇರುವೆನೆಂದು ನನ್ನೆದುರು ನುಡಿದಿದ್ದ ರಂಜನಾಳಿಗೆ.

ಕೇಳಕೂಡದೆಂದು ಬರೆದೆ, ನಾನು ಕೇಳಲಿಲ್ಲ. ಹೇಳುವವರು ತಾವಾಗಿ ಹೇಳಿದರು. ಇಲ್ಲಿಂದ ನಿಂಬೆಯ ಹೇರು ಒಯ್ಯುವ ಇಜಾಜ ನಿಮ್ಮ ಓಣಿಯ ಮೇಲೆ ಹಾಯ್ದು ಬಂದಿದ್ದಾನೆ. “ಅಕ್ಕಾರ ಮನಿ ಮುಂದ ಪಾವಟಿಗಿ ಮುಚ್ಯಾರ್ರಿ. ತುಂಬಿದ ಕೈಗಾಡಿ ಸುಮ್ನ ಮ್ಯಾಲ ಹೋಗ್ತೈತಿ, ಅಂಥಾದ್ದು ಮಾಡ್ಯಾರ” ಎಂದ. ಮೆಟ್ಟಿಲನ್ನು ಮುಚ್ಚಿ ತುಂಬಿದ ಗಾಡಿಯನ್ನು ಮನೆಯೊಳಗೆ ಹಾಯಿಸುವುದು ಅಂಗಡಿಗೆ ಅಥವಾ ಗೋದಾಮಿಗೆ. ಅಗಲವಾದ ಬಾಗಿಲು, ದೊಡ್ಡ ಮೇಜು, ಎಲ್ಲವೂ ಈಗ ಅರ್ಥವಾದವು. ಪೇಟೆಯ ಹತ್ತಿರದ ಮನೆ. ಯಾರೋ ಬಾಡಿಗೆಗೆ ಕೇಳಿದ್ದಾರೆ, ನೀನು ಪುಣೆಗೆ ಮಗಳ ಬಳಿಗೆ ಹೋಗುತ್ತೀ. ಅದು ನಿನ್ನ ಮನೆ, ನಿನ್ನ ಇಚ್ಛೆ. ಅಣ್ಣನಿಗೆ ಒಂದು ಮಾತು ಹೇಳಬಹುದಾಗಿತ್ತು.

ದೀಪಾವಳಿಯ ಬಿದಿಗೆಯಾದ ಯಮದ್ವಿತೀಯೆಯ ದಿನ ಅಣ್ಣನಾದವನು ತಂಗಿಯ ಮನೆಗೆ ಹೋಗಿ ಅವಳ ಕೈಯಡಿಗೆ ಉಣ್ಣಬೇಕು. ನಿನ್ನ ಮದುವೆಯಾದಂದಿನಿಂದ ತಪ್ಪಿಸಿರಲಿಲ್ಲ. ಹೋದ ವರ್ಷ ತಪ್ಪಿತು. ನೀನು ಡಬ್ಬಿಯಲ್ಲಿ ಅಡಿಗೆ ತುಂಬಿಕೊಂಡು ಇಲ್ಲಿಗೇ ಬಂದೆ. ಉಂಡೆ, ಆದರೆ ಅದು ರೋಗಿಯ ಊಟ. ಈ ವರ್ಷ ಆ ಶ್ರಮವನ್ನು ತೆಗೆದುಕೊಳ್ಳಬೇಡ. ಬಿದಿಗೆಯ ಉಡುಗೊರೆಯ ಇಳಕಲ್ಲ ಸೀರೆಯನ್ನು ಇಜಾಜನ ಕೈಯಲ್ಲಿ ಈಗಲೇ ಕಳಿಸಿದ್ದೇನೆ. ಅಲ್ಲಿಗೆ ಲೆಕ್ಕ ಮುಗಿಯಿತು.

ಪ್ರಹ್ಲಾದ


ಮುದ್ದೇಬಿಹಾಳ
೨೩ ಸೆಪ್ಟೆಂಬರ್ ೨೦೨೫, ಮಂಗಳವಾರ

ಅಣ್ಣಾ,

ರವಿವಾರದವರೆಗೆ ಕಾಯಲಾರೆ. ಸೀರೆಯನ್ನು ಬಿಚ್ಚದೆ ಇಜಾಜನ ಕೈಯಲ್ಲೇ ಹಿಂದಕ್ಕೆ ಕಳಿಸಿದ್ದೇನೆ. ಬಿದಿಗೆಯ ಸೀರೆಯನ್ನು ಆರತಿಯ ತಟ್ಟೆಯಲ್ಲಿ ಇಡುವುದೇ ಹೊರತು ನಿಂಬೆಯ ಹೇರಿನಲ್ಲಿ ಹಾಕಿ ಕಳಿಸುವುದಲ್ಲ.

ಅಂಗಡಿಯೂ ಇಲ್ಲ, ಗೋದಾಮೂ ಇಲ್ಲ, ಪುಣೆಯೂ ಇಲ್ಲ. ನಾನು ಮಾಡಿದುದು ನಿನ್ನ ದಾರಿ. ನಿನ್ನ ಗಾಲಿಕುರ್ಚಿ ಬೀದಿಯಿಂದ ನನ್ನ ಪಡಸಾಲೆಯವರೆಗೆ, ಅಲ್ಲಿಂದ ಬಚ್ಚಲಿಗೆ, ಅಲ್ಲಿಂದ ಊಟದ ಮೇಜಿನ ಕೆಳಗೆ ಮೊಳಕಾಲು ತಾಗದಂತೆ ಬರುವ ದಾರಿ. ಹೋದ ವರ್ಷ ನೀನು ಬಿದಿಗೆಗೆ ಬರಲೊಲ್ಲೆನೆಂದುದು ನಡುವಿನ ನೋವಿಗಾಗಿ ಅಲ್ಲ. “ಮೂಟೆಯ ಹಾಗೆ ನಾಲ್ವರು ಎತ್ತಿ ಮೆಟ್ಟಿಲು ಹತ್ತಿಸುವುದನ್ನು ಆ ಓಣಿ ನೋಡಬೇಕಿಲ್ಲ” ಎಂದು ನೀನು ವೈನಿಗೆ ಹೇಳಿದುದನ್ನು ಡಬ್ಬಿ ತಂದ ದಿನ ನಾನು ನಿಮ್ಮ ಒಳಮನೆಯಲ್ಲಿ ನಿಂತು ಕೇಳಿದ್ದೆ. ಅಂದೇ ನಿಶ್ಚಯಿಸಿದೆ. ಅಳತೆಯನ್ನು ಕಳಿಸಿದವರೂ ವೈನಿಯೇ. ನೀನು ಮಲಗಿದ್ದಾಗ ಕುರ್ಚಿಯ ಅಗಲವನ್ನು ದಾರದಿಂದ ಅಳೆದು, ಗಂಟು ಹಾಕಿ, ಉಪ್ಪಿನಕಾಯಿಯ ಜೊತೆ ಕಳಿಸಿದರು. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡುದು ಅಳುವಿಗಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ, ನಕ್ಕುಬಿಡು. ಕಾಲುವೆಯ ನಕ್ಷೆ ಬರೆದ ಕೈ ಇದು. ಇಳಿಜಾರೆಂದೊಡನೆ ನೀರು ಮೆಲ್ಲಗೆ ಹರಿಯುವಷ್ಟು ನಯವಾದ ಇಳಿಜಾರನ್ನೇ ಬರೆದೆ. ಬಹಳ ಅಂದವಾಗಿತ್ತು. ಸುಣ್ಣದಲ್ಲಿ ಗೆರೆ ಎಳೆಯುತ್ತ ಹೋದರೆ ಅಂಗಳ ಮುಗಿಯಿತು, ಓಣಿ ಮುಗಿಯಿತು, ಗೆರೆ ಸುಲ್ತಾನಬಿಯ ಬಾಗಿಲಿಗೆ ಮುಟ್ಟಿತು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, “ಬಾಯಾರ, ಇಷ್ಟ ದೂರ ಬಂದದ್ದು ಬಂತು, ನನ್ನ ಅಡಗಿಮನಿಗೂ ಒಂದು ಉಪಕಾಲಿವಿ ಬಿಡ್ರಿ” ಎಂದಳು. ಅಳಿಸಿ, ತುಳಸಿಕಟ್ಟೆಯ ಸುತ್ತ ಬಳಸಿ ತಂದೆ. ತಿರುವಿನಲ್ಲಿ ದಣಿವಾರಿಸಿಕೊಳ್ಳಲು ಸಮತಟ್ಟಾದ ಹಲಗೆ ಹಾಸಿದೆ. ಇಜಾಜ ನೋಡಿದ ತುಂಬಿದ ಗಾಡಿ ಜೋಳದ ಚೀಲಗಳದು. ನಿನ್ನ ತೂಕಕ್ಕೆ ಸರಿಯಾಗಿ ಹೇರಿ ಪರೀಕ್ಷಿಸುತ್ತಿದ್ದೆ.

ಬಿದಿಗೆ ಅಕ್ಟೋಬರ್ ೨೩ಕ್ಕೆ, ಗುರುವಾರ. ಈ ವರ್ಷ ನೀನು ಬರದಿದ್ದರೆ ನಾನು ಡಬ್ಬಿ ಹೊತ್ತು ಬರುವವಳಲ್ಲ. ಇಲ್ಲೇ ಎಲೆ ಹಾಕಿ ಕಾಯುತ್ತೇನೆ.

ರಂಜನಾ


ಇಂಡಿ
೨೯ ಸೆಪ್ಟೆಂಬರ್ ೨೦೨೫

ಚಿ. ರಂಜನಾ,

ಕಾಗದವನ್ನು ಓದಿ ಮುಗಿಸಿದೊಡನೆ ನಿನ್ನ ವೈನಿಯನ್ನು ಕರೆದೆ. ಸರಸ್ವತಿಯ ಮೇಲೆ ಪಿತೂರಿಯ ಆರೋಪ ಹೊರಿಸಿದೆ. ಅವಳು ಒಪ್ಪಿಕೊಂಡಳು, ಪಶ್ಚಾತ್ತಾಪವಿಲ್ಲವೆಂದೂ ಹೇಳಿದಳು.

ಆದರೂ ನಾನು ಬರಲಾರೆ. ಇದು ಸಿಟ್ಟಲ್ಲ. ಇಳಿಜಾರನ್ನು ಏರಿದ ಮೇಲೆ ನಿನ್ನ ಬಾಗಿಲಿಗೆ ಹೊಸ್ತಿಲಿದೆ. ನಿನ್ನ ಅತ್ತೆಯವರು ಅದಕ್ಕೆ ಅರಿಸಿನ ಕುಂಕುಮವಿಡದೆ ನೀರು ಕುಡಿದವರಲ್ಲ. ನೀನೂ ಹಾಗೆಯೇ ನಡೆಸಿಕೊಂಡು ಬಂದಿದ್ದೀ. ಮನೆಯ ಮಕ್ಕಳು ಸಹ ಅದನ್ನು ತುಳಿಯದೆ ದಾಟುತ್ತಾರೆ. ಬೀದಿಯ ಧೂಳಿನಲ್ಲಿ ಉರುಳಿಬಂದ ಗಾಲಿಯನ್ನು, ಅದೂ ಹಬ್ಬದ ದಿನ, ನಾನು ಅದರ ಮೇಲೆ ಹಾಯಿಸಲೇ? ಹೊಸ್ತಿಲನ್ನು ಕಿತ್ತು ಹಾಕುವೆನೆಂದು ನೀನು ಹೇಳಬಹುದು. ನನಗಾಗಿ ಒಂದು ಮನೆಯ ಹೊಸ್ತಿಲು ಕೀಳಬಾರದು. ಕಾಲಿದ್ದವರು ದಾಟುತ್ತಾರೆ, ನನಗೆ ದಾಟಲಾಗದು. ಅಷ್ಟೇ ಸಂಗತಿ.

ನೀನು ಮಾಡಿದುದು ನನಗೆ ಮುಟ್ಟಿತು. ಬಂದಷ್ಟೇ ಆಯಿತೆಂದು ತಿಳಿ.

ಪ್ರಹ್ಲಾದ


ಮುದ್ದೇಬಿಹಾಳ
೧೨ ಅಕ್ಟೋಬರ್ ೨೦೨೫, ರವಿವಾರ

ತೀರ್ಥರೂಪ ಅಣ್ಣನಿಗೆ ರಂಜನಾಳ ನಮಸ್ಕಾರಗಳು.

ನಿನ್ನ ಆಕ್ಷೇಪಣೆ ನ್ಯಾಯವಾದುದು. ಓದಿದ ದಿನ ಕೊಟ್ಟಿಗೆಗೆ ಹೋಗಲಿಲ್ಲ. ಬಾಗಿಲಲ್ಲಿ ಕುಳಿತು ಹೊಸ್ತಿಲನ್ನೇ ನೋಡಿದೆ. ನೋಡುತ್ತ ನೋಡುತ್ತ ಕಚೇರಿಯ ಕೆಲಸ ನೆನಪಾಯಿತು. ಕಾಲುವೆ ಹೋಗುವ ದಾರಿಗೆ ಹಳ್ಳ ಅಡ್ಡಬಂದರೆ ಹಳ್ಳವನ್ನು ಮುಚ್ಚುವುದಿಲ್ಲ, ಅದರ ನೀರಿನಲ್ಲಿ ಕಾಲುವೆಯ ನೀರನ್ನು ಬೆರೆಸುವುದೂ ಇಲ್ಲ. ಹಳ್ಳವು ತನ್ನ ಪಾಡಿಗೆ ಕೆಳಗೆ ಹರಿಯುತ್ತದೆ, ಕಾಲುವೆಯನ್ನು ಅದರ ಮೇಲೆ ಸೇತುವೆ ಕಟ್ಟಿ ದಾಟಿಸುತ್ತಾರೆ. ಒಂದಕ್ಕೊಂದು ಮುಟ್ಟುವುದಿಲ್ಲ. ಇಂಥವುಗಳ ನಕ್ಷೆಯನ್ನು ಎಷ್ಟು ಬರೆದಿರುವೆನೋ. ನನ್ನ ಮನೆಯ ಬಾಗಿಲಿಗೆ ಅದು ಹೊಳೆಯಲು ನಿನ್ನ ಹಟ ಬೇಕಾಯಿತು.

ಹೊಸ್ತಿಲು ಎಲ್ಲಿತ್ತೋ ಅಲ್ಲಿಯೇ ಇದೆ. ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಸಾಗವಾನಿಯ ಸೇತುವೆ. ಹೊರಗಿನ ತುದಿ ಕಟ್ಟೆಯ ಮೇಲೆ, ಒಳಗಿನ ತುದಿ ಪಡಸಾಲೆಯಲ್ಲಿ. ನಡುವೆ ಹೊಸ್ತಿಲಿಗೆ ಒಂದು ಮೊಳೆಯನ್ನೂ ಹೊಡೆದಿಲ್ಲ. ಎರಡು ಗಾಲಿಗಳಿಗೆ ಎರಡು ಹಲಗೆ, ನಡುವೆ ಬಯಲು. ಏರುವವರು ಬಗ್ಗಿ ನೋಡಿದರೆ ಕೆಳಗೆ ಅರಿಸಿನ ಕುಂಕುಮ ಕಾಣುತ್ತದೆ. ಕೆಲಸವಿಲ್ಲದಾಗ ಎತ್ತಿ ಗೋಡೆಗೆ ಒರಗಿಸಬಹುದು.

ಪರೀಕ್ಷೆಗೆಂದು ಪರಿಚಯದವರಿಂದ ಗಾಲಿಕುರ್ಚಿ ತಂದೆ. ಸುಲ್ತಾನಬಿ ತಾನಾಗಿ ಏರಿ ಕುಳಿತಳು. ಬೆಳಗ್ಗೆ ಬಾಗಿಲು ತೊಳೆದಿದ್ದೆ, ಹಲಗೆ ಒದ್ದೆಯಾಗಿತ್ತು. ಅರ್ಧ ಏರುವಷ್ಟರಲ್ಲಿ ಗಾಲಿ ಜಾರಿ, ಅವಳು ಹಿಂದುಹಿಂದಕ್ಕೆ ಉರುಳಿ ತುಳಸಿಕಟ್ಟೆಗೆ ಬಂದು ನಿಂತಳು. ಪುಣ್ಯಕ್ಕೆ ಏನೂ ಆಗಲಿಲ್ಲ. ನಾನು ಓಡಿಹೋದರೆ, “ಇನ್ನೊಮ್ಮೆ ತಳ್ರಿ, ಸಣ್ಣಾಕಿ ಇದ್ದಾಗ ಹಿಂಗ ಯಾರೂ ಆಡಿಸಿರಲಿಲ್ಲ” ಎಂದಳು. ಅಂದೇ ಹಲಗೆಗಳಿಗೆ ಅಡ್ಡಗೀರು ಕೊರೆದೆ. ಈಗ ಕೊಡ ನೀರು ಸುರಿದರೂ ಗಾಲಿ ಜಾರುವುದಿಲ್ಲ. ಕಾಳಪ್ಪ ಬಂದು ಮೂರು ಬಾರಿ ಹತ್ತಿ ಇಳಿದ. “ಬಾಯಾರ, ಇದರ ನಕ್ಷೆ ನನಗೂ ಒಂದು ಕೊಡ್ರಿ” ಎಂದು ಕೇಳಿದಾಗ ನಾನು ಅಡಿಗೆಮನೆಗೆ ಹೋಗಿ ಸಕ್ಕರೆ ತಿಂದು ಬಂದೆ.

ಇನ್ನು ನಿನ್ನ ಬಳಿ ಯಾವ ತಕರಾರು ಉಳಿದಿದೆಯೋ ತಿಳಿಸು. ಅದಕ್ಕೂ ಮರವಿದೆ.

ರಂಜನಾ


ಇಂಡಿ
೧೬ ಅಕ್ಟೋಬರ್ ೨೦೨೫

ಚಿ. ರಂಜನಾ,

ವಾದ ಮುಗಿದಿದೆ. ಬರುತ್ತೇನೆ. ಒಂದು ಷರತ್ತು: ಬೀದಿಯಿಂದ ಒಳಗಿನವರೆಗೆ ನನ್ನ ಕುರ್ಚಿಗೆ ಯಾರೂ ಕೈ ಹಚ್ಚತಕ್ಕುದಲ್ಲ. ನಾನೇ ಏರಬೇಕು. ಏರಲಾಗದಿದ್ದರೆ ಹಿಂದಿರುಗುತ್ತೇನೆ, ಆಗ ಯಾರೂ ಏನೂ ಅನ್ನಬಾರದು. ನೀನು ಹೊರಗೆ ಬರಬೇಡ, ಒಳಗೇ ನಿಲ್ಲು.

ಬದನೆಕಾಯಿ ಎಣ್ಣೆಗಾಯಿ ಮಾಡು. ಹೋಳಿಗೆ ಎರಡು ಸಾಕು.

ಪ್ರಹ್ಲಾದ


ಇಂಡಿ
೨೬ ಅಕ್ಟೋಬರ್ ೨೦೨೫, ರವಿವಾರ

ಚಿ. ರಂಜನಾಳಿಗೆ ಅಣ್ಣನ ತುಂಬುಮನಸ್ಸಿನ ಆಶೀರ್ವಾದಗಳು.

ಈ ರವಿವಾರದ ವರದಿ ನನ್ನದು. ನೀನು ಆರತಿಯ ತಟ್ಟೆ ಹಿಡಿದು ಒಳಗಿದ್ದೆ. ಹೊರಗೆ ನಡೆದುದನ್ನು ನೀನು ನೋಡಲಿಲ್ಲ. ಸುಲ್ತಾನಬಿ ಹೇಳಿಯೇ ಇರುತ್ತಾಳೆ, ಆದರೆ ಅವಳು ಹಿತಾಸಕ್ತಿಯುಳ್ಳ ಸಾಕ್ಷಿ.

ಇಜಾಜನೂ ಪಾರ್ಥನೂ ನನ್ನನ್ನು ಓಣಿಯಲ್ಲಿ ಇಳಿಸಿ ದೂರ ನಿಂತರು. ಇಡೀ ಓಣಿ ಹೊರಬಂದಿತ್ತು. ಮೂಟೆಯನ್ನು ಎತ್ತುವುದನ್ನು ನೋಡಲು ಬಂದವರಲ್ಲ ಅವರು. ಒಬ್ಬ ಮುದುಕ ಗೆಲ್ಲುವನೋ ಸೋಲುವನೋ ಎಂದು ನೋಡಲು ಬಂದವರು. ನನಗೆ ಅದು ಸರಿಯೆನಿಸಿತು. ನಿನ್ನ ನೆರೆಯವಳು ತನ್ನ ಬಾಗಿಲಿನಿಂದಲೇ, “ಅಣ್ಣಾರ, ನಾ ಹಿಂದಕ್ಕ ಉರುಳೇನಿ. ನೀವೂ ಉರುಳಿದ್ರ ನನ್ನ ಮರ್ಯಾದಿ ಉಳೀತೈತಿ, ನೋಡ್ರಿ” ಎಂದಳು. “ನಿನ್ನ ಮರ್ಯಾದಿ ಇವತ್ತ ಉಳಿಯೂದಿಲ್ಲವ್ವಾ” ಎಂದು ಗಾಲಿಗೆ ಕೈ ಹಾಕಿದೆ.

ಮೊದಲ ಏರು ಸುಲಭವಾಯಿತು. ತುಳಸಿಕಟ್ಟೆಯ ತಿರುವಿನಲ್ಲಿ ತೋಳು ಸೋತವು. ನೀನು ಹಾಸಿದ ಸಮತಟ್ಟು ಹಲಗೆಯ ಮೇಲೆ ಕುರ್ಚಿ ನಿಲ್ಲಿಸಿ ಉಸಿರು ತೆಗೆದುಕೊಂಡೆ. ಇಜಾಜ ಒಂದು ಹೆಜ್ಜೆ ಮುಂದಿಟ್ಟ. ನಾನು ನೋಡಿದ ನೋಟಕ್ಕೆ ಎರಡು ಹೆಜ್ಜೆ ಹಿಂದಿಟ್ಟ. ಎರಡನೆಯ ಏರಿನಲ್ಲಿ ಒಂದೊಂದು ಅಡ್ಡಗೀರೂ ಅಂಗೈಗೆ ತಿಳಿಯುತ್ತಿತ್ತು. ಸೇತುವೆಯ ಮೇಲೆ ಬಂದು ನಿಂತೆ. ಬಗ್ಗಿ ನೋಡಿದೆ. ನನ್ನ ಎರಡು ಕಾಲುಗಳ ನಡುವೆ, ಕೆಳಗೆ, ಹೊಸ್ತಿಲ ರಂಗೋಲಿಯ ಒಂದು ಎಳೆಯೂ ಅಳಿಸಿರಲಿಲ್ಲ. ತಲೆಯೆತ್ತಿದರೆ ನೀನು ಎದುರಿಗಿದ್ದೆ. ತಟ್ಟೆಯಲ್ಲಿ ದೀಪ ಉರಿಯುತ್ತಿತ್ತು.

ಆಮೇಲಿನದು ನಿನಗೆ ಗೊತ್ತು. ಮಣೆಯ ಸುತ್ತ ಹಾಕುವ ರಂಗೋಲಿಯನ್ನು ನೀನು ನನ್ನ ಗಾಲಿಗಳ ಸುತ್ತ ಹಾಕಿದೆ. ಆರತಿಯಾಯಿತು, ಸೀರೆ ಸಲ್ಲಬೇಕಾದ ತಟ್ಟೆಯಲ್ಲಿ ಸಂದಿತು. ಹೋಳಿಗೆ ಎರಡು ಸಾಕೆಂದವನು ಎಷ್ಟು ಉಂಡನೆಂಬುದನ್ನು ಸರಸ್ವತಿ ಇಲ್ಲಿ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾಳೆ.

ನಾನು ಹೇಳದೆ ಇಟ್ಟುಕೊಂಡಿದ್ದ ಎರಡು ಸಂಗತಿಗಳಿವೆ. ಸೇತುವೆಯ ಕಾಗದ ಬಂದ ದಿನದಿಂದ ಹಳೆಯ ಕದವೊಂದನ್ನು ಪಡಸಾಲೆಯಲ್ಲಿ ನಿಂಬೆಯ ಪೆಟ್ಟಿಗೆಯ ಮೇಲೆ ಓರೆಯಾಗಿ ಇರಿಸಿಕೊಂಡು, ಬಾಗಿಲು ಹಾಕಿ, ಏರುವುದನ್ನು ರೂಢಿಸಿದೆ. ಮೊದಲಿಗೆ ಅಂಗೈಗಳಿಗೆ ಬೊಬ್ಬೆ ಬಂದವು. ಈಗ ಅಂಗೈ ಗಟ್ಟಿಯಾಗಿವೆ, ಬಡಿಗನ ಕೈಗಳ ಹಾಗೆ. ಎರಡನೆಯದು ಇದು: ನಿನ್ನ ಮನೆಗೆ ನಾನೇ ಏರಿ ಬಂದೆನೆಂದು ಓಣಿ ನೋಡಿತು. ಆದರೆ ನನ್ನ ಮನೆಯಿಂದ ಹೊರಡುವಾಗ ಪಾರ್ಥ ಮತ್ತು ಇಜಾಜ ನನ್ನನ್ನು ಎತ್ತಿಯೇ ಮೆಟ್ಟಿಲಿಳಿಸಿದರು. ತಿರುಗಿ ಬಂದಾಗ ಎತ್ತಿಯೇ ಒಳಗಿಟ್ಟರು. ಬಿದ್ದಂದಿನಿಂದ ನಾನು ಈ ಬಾಗಿಲನ್ನು ದಾಟಿದುದು ಆಸ್ಪತ್ರೆಗೆ ಹೋದಾಗ ಬಿಟ್ಟರೆ ಇದೇ ಮೊದಲು. ಹೊರಗೆ ಹೋಗಲು ಮನಸ್ಸಿಲ್ಲವೆಂದು ಎಲ್ಲರಿಗೂ ಹೇಳುತ್ತಿದ್ದೆ. ಮನಸ್ಸಿತ್ತು.

ಗರಗಸ, ಉಳಿ, ಹತ್ತರಿಗಳನ್ನು ತೆಗೆದುಕೊಂಡು ಈ ವಾರ ಹೊರಟು ಬಾ. ಹಲಗೆ ಇಲ್ಲಿ ದೊರೆಯುತ್ತದೆ. ಇಲ್ಲಿಯೂ ಹೊಸ್ತಿಲಿದೆ, ಸರಸ್ವತಿಯೂ ಅದಕ್ಕೆ ಕುಂಕುಮವಿಡುತ್ತಾಳೆ. ಆದ್ದರಿಂದ ಸೇತುವೆಯೇ ಆಗಬೇಕು. ಕೆಲಸ ಮುಗಿಯುವವರೆಗೆ ನಿನಗೆ ಇಲ್ಲಿಂದ ಬಿಡುಗಡೆಯಿಲ್ಲ.

ನೀನು ಬರುವ ದಿನ ಬಸ್ ನಿಲ್ದಾಣಕ್ಕೆ ಪಾರ್ಥ ಬರುತ್ತಾನೆ. ಹೊರಡುವ ದಿನ ನಿನ್ನನ್ನು ಬಸ್ಸಿಗೆ ಮುಟ್ಟಿಸಲು ನಾನೇ ಬರುತ್ತೇನೆ.

ನಿನ್ನ ಅಣ್ಣ,
ಪ್ರಹ್ಲಾದ